ಕಾಗಿಣಾ ತೀರದ ತೊಗರಿಯೂ ಜಾತಿಯೆಂಬ ಪ್ರಶ್ನೆಯೂ

ತೆಲಂಗಾಣದ ವಿಕಾರಾಬಾದ ಸೀಮೆಯ ಗುಡ್ಡಗಳಲ್ಲಿ ಹುಟ್ಟಿ, ತಾಂಡೂರಿನ ಬಳಿ ಹಾದು, ಸೇಡಂ ತಾಲ್ಲೂಕನ್ನು ಹೊಕ್ಕು, ಮಳಖೇಡದ ಕೋಟೆಯ ಮಗ್ಗುಲಲ್ಲಿ ಹರಿದು, ಚಿತ್ತಾಪುರ ಶಹಾಬಾದಗಳ ನೆಲವನ್ನು ದಾಟಿ ಭೀಮೆಯನ್ನು ಕೂಡುವ ಕಾಗಿಣಾ ನದಿಯ ಉದ್ದಕ್ಕೂ, ಎರಡು ದಡಗಳಲ್ಲಿಯೂ ಬೆಳೆಯುವ ಮುಖ್ಯ ಪೈರು ತೊಗರಿ. ಆ ಪೈರಿನ ಬುಡದ ಮಣ್ಣಿನಡಿಯಲ್ಲಿ ಬಹುದೂರ ಹಾಸಿಕೊಂಡಿರುವುದು ಪದರಪದರವಾದ ಒಂದೇ ಸುಣ್ಣಕಲ್ಲು. ಆ ಕಲ್ಲು ಗಡಿಯಾಚೆ ತಾಂಡೂರು ಕಲ್ಲೆಂದೂ ಈಚೆ ಶಹಾಬಾದ ಫರಸಿಯೆಂದೂ ಮಾರಾಟವಾಗುವಂತೆ, ತೊಗರಿಗೂ ಈಗ ಎರಡು ಹೆಸರುಗಳು ಕಾನೂನಿನ ಮುದ್ರೆಯೊಡನೆ ಪ್ರಾಪ್ತವಾಗಿವೆ: 2019ರಲ್ಲಿ ಗುಲ್ಬರ್ಗಾ ತೊಗರಿ ಬೇಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು, 2022ರಲ್ಲಿ ತಾಂಡೂರಿನ ತೊಗರಿಗೂ ಅದೇ ಮಾನ್ಯತೆ ಬಂದಿತು. ರೈತನ ಮಾಲಿಗೆ ನಾಲ್ಕು ಕಾಸು ಹೆಚ್ಚು ದೊರೆಯುವುದಾದರೆ ಹೆಸರುಗಳು ಎರಡಲ್ಲ, ಹತ್ತಾದರೂ ಆಗಲಿ; ಅದರಲ್ಲಿ ಆಕ್ಷೇಪಿಸತಕ್ಕದ್ದೇನೂ ಇಲ್ಲ. ಆದರೆ ಹೆಸರಿನ ಹಿಂದಿರುವ ವಸ್ತು ಯಾವುದು, ನಮ್ಮ ತೊಗರಿಯನ್ನು ನಮ್ಮ ತೊಗರಿಯನ್ನಾಗಿ ಮಾಡುವ ಗುಣವು ಬೀಜದೊಳಗಿದೆಯೋ ನೆಲದೊಳಗಿದೆಯೋ, ಅಥವಾ ಎರಡರೊಳಗೂ ಇಲ್ಲದೆ ಬೇರೆಲ್ಲಿಯೋ ಇದೆಯೋ ಎಂಬ ಪ್ರಶ್ನೆಯನ್ನು ಕೇಳಿಕೊಂಡವನು ಅಡತಿ ಅಂಗಡಿಯ ಹೊಸಿಲನ್ನು ದಾಟಿ ತತ್ತ್ವಶಾಸ್ತ್ರದ ಅಂಗಳದಲ್ಲಿಯೇ ನಿಂತಿರುತ್ತಾನೆ.

ಮಾನ್ಯತೆಯನ್ನು ಬೇಡಿದವರು ಮುಂದಿಟ್ಟ ವಾದವು ನೆಲದ ಪರವಾಗಿತ್ತು. ಸುಣ್ಣಕಲ್ಲಿನ ಸಂಸರ್ಗದಿಂದ ಈ ಮಣ್ಣಿನಲ್ಲಿ ಸುಣ್ಣದ ಅಂಶವೂ ಪೊಟ್ಯಾಶಿನ ಅಂಶವೂ ಹೆಚ್ಚಾಗಿರುವುದರಿಂದ ಇಲ್ಲಿಯ ಬೇಳೆಗೆ ವಿಶಿಷ್ಟವಾದ ರುಚಿ ಮತ್ತು ಬೇಯುವ ಗುಣ ಬಂದಿವೆಯೆಂಬುದು ಅದರ ಸಾರ. ಕೃಷಿ ಸಂಶೋಧಕರಾದರೋ ಬಹುಕಾಲದಿಂದ ಬೀಜದ ಪರವಾಗಿ ದುಡಿದವರು. ಮಾರುತಿ, ಆಶಾ, ಟಿಎಸ್-3ಆರ್ ಮೊದಲಾದ ತಳಿಗಳ ಹೆಸರುಗಳು ನಮ್ಮ ಹಳ್ಳಿಗಳಲ್ಲಿ ಮನೆಮಾತಾಗಿರುವುದು ಅವರ ಶ್ರಮದಿಂದಲೇ. ಈ ಎರಡು ಪಕ್ಷಗಳ ನಡುವಿನ ವ್ಯಾಜ್ಯವನ್ನು ಮೊದಲು ಪ್ರಯೋಗದಿಂದ ಬಿಡಿಸಿ ನೋಡಿದವನು ಡೆನ್ಮಾರ್ಕಿನ ವಿಲ್ಹೆಲ್ಮ್ ಯೊಹಾನ್ಸೆನ್. ಅವನು ಹುರುಳಿಕಾಯಿಯ ಒಂದೇ ಗಿಡದಿಂದ, ಸ್ವಕೀಯ ಪರಾಗಸ್ಪರ್ಶದ ಮೂಲಕ ಇಳಿದುಬಂದ ಸಂತತಿಯೊಳಗೆ ದಪ್ಪ ಕಾಳುಗಳನ್ನೂ ಸಣ್ಣ ಕಾಳುಗಳನ್ನೂ ಬೇರೆಬೇರೆಯಾಗಿ ಬಿತ್ತಿದಾಗ, ಎರಡರ ಸಂತಾನದಲ್ಲಿಯೂ ಕಾಳಿನ ಸರಾಸರಿ ತೂಕ ಒಂದೇ ಆಗಿ ಬಂದುದನ್ನು ಕಂಡು 1903ರಲ್ಲಿ ಪ್ರಕಟಿಸಿದನು. ಕಾಳು ದಪ್ಪವಾದುದೂ ಸಣ್ಣದಾದುದೂ ನೆಲ, ನೀರು, ಬಿಸಿಲುಗಳ ದೆಸೆಯಿಂದ. ಮುಂದಿನ ಪೀಳಿಗೆಗೆ ದಾಟಿದುದು ಆ ಗಾತ್ರವಲ್ಲ, ಅದರ ಹಿಂದಿದ್ದ ಯಾವುದೋ ಸಾಮರ್ಥ್ಯ. ಆ ಸಾಮರ್ಥ್ಯದ ಘಟಕಕ್ಕೆ ‘ಜೀನ್’ ಎಂಬ ಹೆಸರನ್ನು 1909ರಲ್ಲಿ ಕೊಟ್ಟವನೂ ಅವನೇ.

ಅಂದಮೇಲೆ ಬೀಜದಲ್ಲಿರುವುದು ಗುಣವಲ್ಲ. ಇಂಥ ನೆಲದಲ್ಲಿ ಇಂಥ ಗುಣವಾಗಿ ತೋರಿಕೊಳ್ಳಬಲ್ಲ ಶಕ್ಯತೆ. ಇದನ್ನು ನಮ್ಮ ರೈತರು ಗ್ರಂಥದಿಂದಲ್ಲ, ನಷ್ಟದಿಂದ ಅರಿತಿದ್ದಾರೆ. ತೊಗರಿಗೆ ಬರುವ ನೆಟೆ ರೋಗವು ಮಣ್ಣಿನಲ್ಲಿ ವಾಸಿಸುವ ಫ್ಯುಸೇರಿಯಮ್ ಎಂಬ ಶಿಲೀಂಧ್ರದಿಂದ ಉಂಟಾಗತಕ್ಕದ್ದು. ಅದು ಬೇರಿನಿಂದ ಒಳಸೇರಿ ನೀರು ಏರುವ ನಾಳಗಳನ್ನು ಮುಚ್ಚಿಬಿಡುವುದರಿಂದ, ಹೂವು ಕಾಯಿಗಳಿಂದ ತುಂಬಿದ ಗಿಡವು ನಿಂತಲ್ಲಿಯೇ ಒಣಗುತ್ತದೆ. 1980ರ ದಶಕದ ನಡುವೆ ಬಿಡುಗಡೆಯಾದ ಮಾರುತಿ ತಳಿಯು ಈ ರೋಗವನ್ನು ತಡೆದುಕೊಂಡು ಜಿಲ್ಲೆಯ ಬಹುಭಾಗವನ್ನು ಆವರಿಸಿತು. ಆದರೂ 2022ರ ಹಂಗಾಮಿನ ಕೊನೆಯಲ್ಲಿ ಕಲಬುರಗಿ ಜಿಲ್ಲೆಯ ಹೊಲಹೊಲಗಳಲ್ಲಿ ತೊಗರಿ ನೆಟೆ ರೋಗದಿಂದ ಒಣಗಿ ನಿಂತುದನ್ನು ನಾವೆಲ್ಲರೂ ಕಂಡಿದ್ದೇವೆ. ‘ನೆಟೆ ನಿರೋಧಕ’ ಎಂದು ಬೀಜದ ಚೀಲದ ಮೇಲೆ ಅಚ್ಚಾಗಿರುವ ಮಾತು, ಚೀಲದೊಳಗಿನ ಕಾಳಿನಲ್ಲಿ ಅಡಗಿರುವ ಒಂದು ವಸ್ತುವಿನ ಹೆಸರಲ್ಲ. ಆ ಕಾಳಿಗೂ ಒಂದು ಬಗೆಯ ಶಿಲೀಂಧ್ರಕ್ಕೂ ಒಂದು ಮಣ್ಣಿನ ತೇವಕ್ಕೂ ನಡುವೆ ಏರ್ಪಡುವ ಸಂಬಂಧದ ಹೆಸರು. ಶಿಲೀಂಧ್ರವು ತನ್ನ ಬಗೆಯನ್ನು ಬದಲಿಸಿಕೊಂಡರೆ, ಕಾಳು ಎಳ್ಳಷ್ಟೂ ಬದಲಾಗದಿದ್ದರೂ, ಆ ಗುಣವು ಇಲ್ಲವಾಗುತ್ತದೆ. ಒಂದು ವಸ್ತುವಿನ ಸ್ವಭಾವವೆಂದು ನಾವು ಎಣಿಸಿದ್ದು ಆ ವಸ್ತುವಿನ ಹೊರಗೆ ನಡೆದ ಬದಲಾವಣೆಯಿಂದಲೇ ನಾಶವಾಗಬಹುದೆಂಬ ಈ ಸಂಗತಿ, ನನ್ನ ದೃಷ್ಟಿಯಲ್ಲಿ, ವಂಶವಾಹಿಶಾಸ್ತ್ರವು ತತ್ತ್ವಚಿಂತಕರಿಗೆ ಒಡ್ಡಿರುವ ಅತ್ಯಂತ ಗಂಭೀರವಾದ ಸವಾಲು.

ಹಾಗಾದರೆ ತೊಗರಿಯೆಂಬ ಜಾತಿಯೇ ಏನು? ಕಾಡಿನಲ್ಲಿ ಅದಕ್ಕೆ ತೀರ ಹತ್ತಿರದ ಬಂಧುವಾದ, ಅದರ ಮೂಲವೆಂದು ಸಸ್ಯಶಾಸ್ತ್ರಜ್ಞರು ಎಣಿಸುವ ಗಿಡವು ಇಂದಿಗೂ ಬಸ್ತರ್ ಮತ್ತು ಒಡಿಶಾದ ಅರಣ್ಯಸೀಮೆಗಳಲ್ಲಿ ಬೆಳೆಯುತ್ತದೆ. ಇಲ್ಲಿಂದ ದೂರವಲ್ಲದ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯ ನೇತೃತ್ವದಲ್ಲಿ, ಆಶಾ ತಳಿಯ ಸಮಗ್ರ ವಂಶವಾಹಿ ಸಂಕಲನವನ್ನು, ಅಂದರೆ ಜೀನೋಮನ್ನು, ವಿಜ್ಞಾನಿಗಳು ಓದಿ 2011ರ ಕೊನೆಯಲ್ಲಿ ಪ್ರಕಟಿಸಿದರು. ಹನ್ನೊಂದು ಜೊತೆ ವರ್ಣತಂತುಗಳಲ್ಲಿ 48,680 ಜೀನುಗಳನ್ನು ಅವರು ಎಣಿಸಿದರು. ಬರವನ್ನು ತಾಳುವುದಕ್ಕೆ ನೆರವಾಗಬಹುದಾದ ಜೀನುಗಳೂ ರೋಗವನ್ನು ತಡೆಯುವುದಕ್ಕೆ ಸಂಬಂಧಿಸಿದ ಜೀನುಗಳೂ ಅಲ್ಲಿ ದೊರೆತವು. ಯಾವ ಒಂದು ಜೀನು ಇದ್ದರೆ ಗಿಡವು ತೊಗರಿಯೆನಿಸಿ, ಇಲ್ಲದಿದ್ದರೆ ತೊಗರಿಯಲ್ಲದೆ ಹೋಗುವುದೋ ಅಂತಹ ‘ತೊಗರಿತ್ವ’ದ ಜೀನು ಮಾತ್ರ ದೊರೆಯಲಿಲ್ಲ, ಅದು ದೊರೆಯುವಂಥದೂ ಅಲ್ಲ.

ಈ ಪ್ರಶ್ನೆಯು ಕಾಗಿಣಾ ತೀರಕ್ಕೆ ಹೊಸದಲ್ಲವೆಂಬುದು ನನಗೆ ಬಹಳ ಸಂತೋಷವನ್ನುಂಟುಮಾಡುವ ಸಂಗತಿ. ನ್ಯಾಯ ವೈಶೇಷಿಕರ ಮತದಲ್ಲಿ, ಎಲ್ಲ ಗೋವುಗಳಲ್ಲಿಯೂ ಇರತಕ್ಕ ಗೋತ್ವವೆಂಬುದು ಒಂದೇ ಆದ, ನಿತ್ಯವಾದ ಒಂದು ಪದಾರ್ಥ. ಗೋವುಗಳು ಹುಟ್ಟಿ ಸಾಯುತ್ತವೆ, ಗೋತ್ವಕ್ಕೆ ಹುಟ್ಟೂ ಇಲ್ಲ, ಸಾವೂ ಇಲ್ಲ. ಯಾರ ಬೃಂದಾವನಕ್ಕೆಂದು ಇಂದಿಗೂ ಯಾತ್ರಿಕರು ಮಳಖೇಡಕ್ಕೆ ಬರುತ್ತಾರೋ ಆ ಜಯತೀರ್ಥರು, ಶ್ರೀ ಮಧ್ವಾಚಾರ್ಯರ ಗ್ರಂಥಗಳಿಗೆ ಟೀಕೆ ಬರೆದು ಟೀಕಾಚಾರ್ಯರೆನಿಸಿದ ಆ ಮಹಾಪಂಡಿತರು, ಯಾವ ದರ್ಶನವನ್ನು ಪ್ರತಿಪಾದಿಸಿದರೋ ಅದು ಈ ಮತವನ್ನು ಒಪ್ಪುವುದಿಲ್ಲ. ಅನೇಕ ವ್ಯಕ್ತಿಗಳಲ್ಲಿ ಅನುಗತವಾದ ಒಂದೇ ಜಾತಿಯಿಲ್ಲ. ಪ್ರತಿಯೊಂದು ವಸ್ತುವೂ ತನ್ನ ವೈಶಿಷ್ಟ್ಯದಿಂದಲೇ ಬೇರೆಯಾದದ್ದು. ವಸ್ತುಗಳ ನಡುವೆ ಇರುವುದು ಸಾದೃಶ್ಯ ಮಾತ್ರ ಎಂದು ದ್ವೈತಿಗಳು ಹೇಳಿದರು. ಅವರಿಗಿಂತ ಸಾವಿರಕ್ಕೂ ಹೆಚ್ಚು ವರ್ಷಗಳ ಮುಂಚೆ, ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿ ಕನಗನಹಳ್ಳಿಯಲ್ಲಿ ಮಹಾಸ್ತೂಪವನ್ನು ಕಟ್ಟಿ, ಅದರ ಶಿಲಾಫಲಕದಲ್ಲಿ ಅಶೋಕನ ಪ್ರತಿಮೆಯನ್ನು ಅವನ ಹೆಸರಿನೊಡನೆ ಕಡೆದ ಬೌದ್ಧರು, ಸ್ಥಿರವಾದ ಸ್ವರೂಪವೆಂಬುದೇ ಯಾವುದಕ್ಕೂ ಇಲ್ಲ, ಇರುವುದು ಒಂದು ಕ್ಷಣದಿಂದ ಇನ್ನೊಂದಕ್ಕೆ ಸಾಗುವ ಪ್ರವಾಹ ಮಾತ್ರ ಎಂಬ ಮತಕ್ಕೆ ಸೇರಿದವರು.

ನಮ್ಮ ಪೂರ್ವಿಕರು ಜೀನುಗಳನ್ನು ಮೊದಲೇ ಅರಿತಿದ್ದರೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವುದು ಅವರಿಗೂ ಗೌರವವಲ್ಲ, ವಿಜ್ಞಾನಕ್ಕೂ ಗೌರವವಲ್ಲ. ಜಯತೀರ್ಥರ ಚಿಂತೆ ಮೋಕ್ಷಕ್ಕೆ ಸಂಬಂಧಿಸಿದ್ದು, ಭಿಕ್ಷುಗಳ ಚಿಂತೆ ದುಃಖನಿವಾರಣೆಗೆ ಸಂಬಂಧಿಸಿದ್ದು. ತೊಗರಿಯ ವಂಶಾವಳಿ ಅವರ ಮುಂದಿರಲಿಲ್ಲ. ನಾನು ಹೇಳುವುದಿಷ್ಟೆ: ಡಾರ್ವಿನ್ನನು 1859ರಲ್ಲಿ ಎತ್ತಿದ ಪ್ರಶ್ನೆಯ ಒಳತಿರುಳು ಯಾವುದೋ, ಅಂದರೆ ಜಾತಿಯು ಮೊದಲೋ ವ್ಯಕ್ತಿಯು ಮೊದಲೋ ಎಂಬುದು, ಅದನ್ನು ಕುರಿತು ಈ ನದಿಯ ನೀರು ಕುಡಿದವರು ಬಹಳ ಸೂಕ್ಷ್ಮವಾಗಿ ವಾದಿಸಿದ್ದರು. ಪಾಶ್ಚಾತ್ಯ ಚಿಂತನೆಯಲ್ಲಿ ಪ್ಲೇಟೋವಿನ ಕಾಲದಿಂದ ಬೇರೂರಿದ್ದ ಜಾತಿನಿತ್ಯತ್ವದ ಭಾವನೆಯನ್ನು ಅಲುಗಿಸಿದುದೇ ಡಾರ್ವಿನ್ನನ ಮುಖ್ಯ ಸಾಧನೆಯೆಂದು ಜೀವಶಾಸ್ತ್ರಜ್ಞ ಅರ್ನ್‌ಸ್ಟ್ ಮೇಯರ್ ಮತ್ತೆ ಮತ್ತೆ ಬರೆದನು. ವ್ಯಕ್ತಿಗಳಲ್ಲಿ ಕಾಣುವ ಭೇದಗಳು ಒಂದು ಆದರ್ಶರೂಪದಿಂದಾದ ಲೋಪಗಳಲ್ಲ. ಭೇದಗಳೇ ಸತ್ಯ, ಸರಾಸರಿಯೇ ನಮ್ಮ ಕಲ್ಪನೆ. ಪ್ರಭೇದವೆಂಬುದು ಪುಂಡಿ ನಾರಿನ ಹಗ್ಗದಂತೆ: ಈ ತುದಿಯಿಂದ ಆ ತುದಿಯವರೆಗೆ ಹಾಯುವ ಒಂದೇ ಒಂದು ಎಳೆಯೂ ಅದರಲ್ಲಿಲ್ಲ, ಆದರೂ ಹಗ್ಗವು ನಿಜವಾಗಿ ಇದೆ, ಭಾರವನ್ನೂ ಎಳೆಯುತ್ತದೆ.

ಮನುಷ್ಯರು ಎಳೆದ ಗೆರೆಗಳನ್ನು ಗಿಡಗಳೇ ಅಳಿಸಿದ ಒಂದು ಪ್ರಸಂಗವೂ ಈ ತೊಗರಿಯ ಚರಿತ್ರೆಯಲ್ಲಿಯೇ ಉಂಟು. ಭಾರತದ ಒಣ ಕಾಡುಗಳಲ್ಲಿ, ಹುಲ್ಲುಗಾವಲುಗಳಲ್ಲಿ ಹಬ್ಬುವ ಕೆಲವು ಕಾಡುಬಳ್ಳಿಗಳನ್ನು ಸಸ್ಯಶಾಸ್ತ್ರಜ್ಞರು ಬಹುಕಾಲ ಅಟೈಲೋಸಿಯಾ ಎಂಬ ಬೇರೆ ಕುಲದಲ್ಲಿಯೇ ಇರಿಸಿದ್ದರು. ಅವುಗಳಲ್ಲಿ ಕೆಲವು ತೊಗರಿಯೊಡನೆ ಕೂಡಿ ಫಲವತ್ತಾದ ಸಂತಾನವನ್ನು ಕೊಡುವುದು ಗೊತ್ತಾದ ಮೇಲೆ, ಇಕ್ರಿಸ್ಯಾಟಿನಲ್ಲಿ ಕೆಲಸ ಮಾಡಿದ್ದ ಡಚ್ ಸಸ್ಯಶಾಸ್ತ್ರಜ್ಞ ವಾನ್ ಡೆರ್ ಮೇಸೆನ್ 1980ರ ದಶಕದಲ್ಲಿ ಆ ಕುಲವನ್ನೇ ತೊಗರಿಯ ಕುಲದೊಳಕ್ಕೆ ಸೇರಿಸಿದನು. ಹೊಲದಲ್ಲಿಯೂ ಇದೇ ನಡೆಯುತ್ತಿದೆ. ತೊಗರಿ ಹೂವಿಗೆ ಜೇನ್ನೊಣವೂ ಇತರ ದುಂಬಿಗಳೂ ಬರುತ್ತವೆ, ಒಂದು ಹೊಲದ ಪರಾಗವನ್ನು ಮತ್ತೊಂದಕ್ಕೆ ಒಯ್ಯುತ್ತವೆ. ಆದುದರಿಂದ ನೆರೆಹೊರೆಯಲ್ಲಿ ಬೇರೆ ತಳಿಯಿದ್ದರೆ ಯಾವ ತಳಿಯೂ ಬಹಳ ವರ್ಷ ಶುದ್ಧವಾಗಿ ಉಳಿಯದು. ಚಿಂಚೋಳಿಯಲ್ಲಿ 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಅರಣ್ಯದ ತೋಳಕ್ಕೂ, ಅಂಚಿನ ತಾಂಡಾಗಳ ನಾಯಿಗೂ ನಡುವಿನ ಭೇದವು ಕುರಿ ಕಾಯುವವನಿಗೆ ಜೀವನ್ಮರಣದಷ್ಟು ನಿಜ. ಆದರೂ ತೋಳವೂ ನಾಯಿಯೂ ಕೂಡಿದರೆ ಮರಿಗಳಾಗುತ್ತವೆ. ಭೇದವು ಸತ್ಯವಾಗಿರುವುದಕ್ಕೆ ಅದು ನಿತ್ಯವಾಗಿರಬೇಕಾಗಿಲ್ಲ, ಅಭೇದ್ಯವಾಗಿರಬೇಕಾಗಿಯೂ ಇಲ್ಲ.

ಇನ್ನು ಉದ್ದೇಶದ ಪ್ರಶ್ನೆ. 1997-98ರ ಹಂಗಾಮನ್ನು ಕಲಬುರಗಿ ಬೀದರ ಜಿಲ್ಲೆಗಳ ಹಿರಿಯ ರೈತರು ಮರೆತಿಲ್ಲ. ಕಾಯಿಕೊರಕ ಹುಳು ಆ ವರ್ಷ ತೊಗರಿಯನ್ನು ತಿಂದುಹಾಕಿತು. ಸಾಲ ಮಾಡಿ ತಂದ ಔಷಧವನ್ನು ಸಿಂಪಡಿಸಿದರೂ ಹುಳು ಸಾಯಲಿಲ್ಲ. ಬೆಳೆ ಕಳೆದುಕೊಂಡ ಕೆಲವರು ಪ್ರಾಣವನ್ನೇ ಕಳೆದುಕೊಂಡರು. ಔಷಧಕ್ಕೆ ಸಾಯದ ಗುಣ ಹುಳುವಿಗೆ ಎಲ್ಲಿಂದ ಬಂತು? ಔಷಧವೇ ಹುಳುವಿಗೆ ಅದನ್ನು ಕಲಿಸಿತೆಂದು, ಇಲ್ಲವೇ ಹುಳುವು ಹಟದಿಂದ ಸಾಧಿಸಿಕೊಂಡಿತೆಂದು ಮಾತಿಗೆ ಹೇಳುವುದುಂಟು. ಹಾಗಲ್ಲವೆಂಬುದನ್ನು ಲೂರಿಯಾ ಮತ್ತು ಡೆಲ್‌ಬ್ರುಕ್ ಎಂಬಿಬ್ಬರು 1943ರಲ್ಲಿಯೇ ಬ್ಯಾಕ್ಟೀರಿಯಾಗಳ ಮೇಲಿನ ಪ್ರಯೋಗದಿಂದ ತೋರಿಸಿದ್ದರು: ವಿಪತ್ತನ್ನು ತಡೆಯಬಲ್ಲ ಉತ್ಪರಿವರ್ತನೆಯು ವಿಪತ್ತು ಬರುವುದಕ್ಕೆ ಮುಂಚೆಯೇ, ಅದರ ಪರಿವೆಯೇ ಇಲ್ಲದೆ, ಎಲ್ಲೋ ಕೆಲವರಲ್ಲಿ ಆಗಿರುತ್ತದೆ; ವಿಪತ್ತು ಅದನ್ನು ಹುಟ್ಟಿಸುವುದಿಲ್ಲ, ಅದಿಲ್ಲದವರನ್ನು ಕೊಂದು ಅದಿರುವವರನ್ನು ಉಳಿಸುತ್ತದೆ. ಕಾಯಿಕೊರಕದಲ್ಲಿ ಇಂಥ ನಿರೋಧಕ್ಕೆ ಕಾರಣವಾದ ಒಂದು ಜೀನನ್ನು 2012ರಲ್ಲಿ ವಿಜ್ಞಾನಿಗಳು ಗುರುತಿಸಿದರು. ನೆರೆಹೊರೆಯಲ್ಲಿದ್ದ ಎರಡು ಜೀನುಗಳು, ವರ್ಣತಂತುಗಳು ಪರಸ್ಪರ ಅದಲುಬದಲಾಗುವ ಹೊತ್ತಿನಲ್ಲಿ ಸರಿಯಾಗಿ ಎದುರುಬದುರು ನಿಲ್ಲದೆ ತುಂಡಾಗಿ, ಒಂದರ ತಲೆಗೆ ಇನ್ನೊಂದರ ಬಾಲ ಸೇರಿ ಮೂರನೆಯದೊಂದು ಜೀನಾಗಿತ್ತು. ಆ ತಪ್ಪುಜೋಡಣೆಯಿಂದ ಹುಟ್ಟಿದ ಕಿಣ್ವಕ್ಕೆ ಫೆನ್ವಲರೇಟ್ ಔಷಧವನ್ನು ಅರಗಿಸುವ ಶಕ್ತಿಯಿತ್ತು.

ಇದನ್ನು ಓದಿದಾಗ ನನ್ನ ಮನಸ್ಸು ಮೊದಲು ಕುಗ್ಗಿತು, ಆಮೇಲೆ ಒಂದು ಬಗೆಯ ನಿರಾಳವನ್ನೂ ಪಡೆಯಿತು. ಅಷ್ಟು ಮನೆಗಳನ್ನು ಹಾಳುಮಾಡಿದುದಕ್ಕೆ ಹಿಂದೆ ಒಂದು ಸಂಕಲ್ಪವೂ ಇರಲಿಲ್ಲ, ಶಿಕ್ಷೆಯೂ ಇರಲಿಲ್ಲ. ಯಾವ ರೈತನ ಪೂರ್ವಕರ್ಮಕ್ಕಾಗಿಯೂ ಆ ಹುಳು ಬರಲಿಲ್ಲ. ಉದ್ದೇಶವಿಲ್ಲದ ಜಗತ್ತು ನಿಷ್ಕರುಣವಾದದ್ದೆಂದು ಹಲವರು ಭಾವಿಸುತ್ತಾರೆ. ಆದರೆ ನೊಂದವನ ಮೇಲೆ ಅಪರಾಧವನ್ನೂ ಹೊರಿಸುವ ಜಗತ್ತಿಗಿಂತ ಅದು ಎಷ್ಟೋ ಮೇಲು. ಕಾರಣವು ಸಂಕಲ್ಪವಲ್ಲವೆಂದಾದರೆ ಅದನ್ನು ಎದುರಿಸುವುದು ಸಾಧ್ಯ. ನಮ್ಮ ರೈತರು ಹಾಗೆಯೇ ಎದುರಿಸಿದರು: ಸಾಲಿನ ನಡುವೆ ತಾಡಪತ್ರಿ ಹಿಡಿದು, ಗಿಡಗಳನ್ನು ಬಗ್ಗಿಸಿ ಅಲುಗಿಸಿ, ಉದುರಿದ ಹುಳುಗಳನ್ನು ಒಟ್ಟುಗೂಡಿಸಿ ಕೊಂದರು. ಈ ಹಳೆಯ ಉಪಾಯವನ್ನು ಸಂಶೋಧಕರೂ ಪರೀಕ್ಷಿಸಿ ಮೆಚ್ಚಿಕೊಂಡರು. ರಸಾಯನವನ್ನು ಅರಗಿಸುವ ಕಿಣ್ವವು ಮನುಷ್ಯನ ಕೈಯನ್ನು ಅರಗಿಸಲಾರದು.

ಕಾಲದ ವಿಚಾರವಾಗಿ ಒಂದು ಮಾತು ಸಾಕು. ವಾಡಿಯ ಸಿಮೆಂಟು ಕಾರ್ಖಾನೆಗೆ ಸಾಗುವ ಸುಣ್ಣಕಲ್ಲು, ಪ್ರಾಣಿಗಳಿಗೆ ಇನ್ನೂ ಚಿಪ್ಪಾಗಲಿ ಎಲುಬಾಗಲಿ ಇಲ್ಲದಿದ್ದ ಯುಗದ ಒಂದು ಸಮುದ್ರದ ತಳದಲ್ಲಿ ಕೂಡಿದ್ದು. ಚಿಂಚೋಳಿಯ ಕಡೆಯ ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಡೈನೋಸಾರುಗಳ ಅಂತ್ಯದ ಆಸುಪಾಸಿನಲ್ಲಿ, ಉಕ್ಕಿ ಹರಿದ ಲಾವಾ; ಅದು ಶಿಥಿಲವಾಗಿ ಆದದ್ದೇ ತೊಗರಿಗೆ ಆಶ್ರಯ ಕೊಟ್ಟಿರುವ ಎರೆಮಣ್ಣು. ಆ ಮಹಾವಿನಾಶವು ಆಗದಿದ್ದರೆ ಸಸ್ತನಿಗಳ ಏಳಿಗೆ ಹೇಗಿರುತ್ತಿತ್ತೋ, ಎರೆಯನ್ನು ಉಳುವವನೂ ಇರುತ್ತಿದ್ದನೋ ಇಲ್ಲವೋ ಹೇಳಬರುವುದಿಲ್ಲ. ನಾವು ಆಗಲೇಬೇಕಾಗಿದ್ದವರಲ್ಲ, ಆದವರು.

ಈ ವಿಚಾರವನ್ನು ತೊಗರಿಗೂ ಹುಳುವಿಗೂ ಅನ್ವಯಿಸಿ, ಮನುಷ್ಯನ ಬಳಿ ಬಂದೊಡನೆ ನಿಲ್ಲಿಸುವುದು ಪ್ರಾಮಾಣಿಕತೆಯಲ್ಲ. ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ತಂಗರಾಜ್, ಲಾಲ್‌ಜಿ ಸಿಂಗ್ ಮತ್ತು ಅಮೆರಿಕದ ಸಹೋದ್ಯೋಗಿಗಳು 2009ರಲ್ಲಿಯೂ 2013ರಲ್ಲಿಯೂ ಪ್ರಕಟಿಸಿದ ಅಧ್ಯಯನಗಳು, ಇಂದು ಭಾರತದಲ್ಲಿರುವ ಹೆಚ್ಚುಕಡಿಮೆ ಎಲ್ಲ ಸಮುದಾಯಗಳೂ ಬೇರೆಬೇರೆ ಮೂಲಗಳ ಬೆರಕೆಯಿಂದ ಆದವೆಂದೂ, ಆ ಬೆರಕೆಯು ಸುಮಾರು 4,200 ವರ್ಷಗಳಿಂದ 1,900 ವರ್ಷಗಳ ಹಿಂದಿನವರೆಗೆ ನಡೆದು ಅನಂತರ ಬಹುಮಟ್ಟಿಗೆ ನಿಂತಿತೆಂದೂ ತೋರಿಸಿದವು. ಅಂದರೆ ಕನಗನಹಳ್ಳಿಯ ಸ್ತೂಪಕ್ಕೆ ಕಲ್ಲು ಕಡೆಯುತ್ತಿದ್ದ ಶತಮಾನಗಳಲ್ಲಿ ಮದುವೆಯ ಬೇಲಿಗಳು ಮೇಲೇಳುತ್ತಿದ್ದವು. ಇಂದು ಸಮುದಾಯ ಸಮುದಾಯಗಳ ನಡುವೆ ಪ್ರಯೋಗಾಲಯವು ಗುರುತಿಸುವ ಭೇದವು ಸೃಷ್ಟಿಯ ಕಟ್ಟಳೆಯಲ್ಲ, ಮದುವೆಯ ಕಟ್ಟಳೆಯ ಫಲ. ಒಳಗೊಳಗೇ ಕೊಟ್ಟು ತಂದುಕೊಂಡಲ್ಲಿ ತಂದೆ ತಾಯಿಗಳಿಬ್ಬರಲ್ಲಿಯೂ ಅಡಗಿದ್ದ ಒಂದೇ ದೋಷವು ಮಗುವಿನಲ್ಲಿ ಜೊತೆಯಾಗಿ ರೋಗವಾಗಿ ತಲೆಯೆತ್ತುವ ಸಂಭವ ಹೆಚ್ಚು. ಸೋದರಮಾವನನ್ನು ಮದುವೆಯಾದವಳ ಮಗುವಿನಲ್ಲಿ, ಯಾವುದೇ ಒಂದು ಜೀನಿನ ಎರಡು ಪ್ರತಿಗಳೂ ಒಬ್ಬನೇ ಪೂರ್ವಿಕನಿಂದ ಬಂದಿರುವ ಸಂಭಾವ್ಯತೆ ಎಂಟರಲ್ಲೊಂದು ಪಾಲು, ಅತ್ತೆಯ ಮಗನನ್ನು ವರಿಸಿದಲ್ಲಿ ಹದಿನಾರರಲ್ಲೊಂದು. ಕುಲದ ಶುದ್ಧಿಯೆಂದು ಕಾಪಾಡಿಕೊಂಡದ್ದು ಮಕ್ಕಳ ಮೈಯಲ್ಲಿ ಈ ಬೆಲೆಯನ್ನು ತೆರುವುದುಂಟೆಂಬುದನ್ನು ನಮ್ಮ ಊರುಗಳ ಹಿರಿಯರು ಸಂಬಂಧಗಳನ್ನು ಕುದುರಿಸುವಾಗ ನೆನೆಯಬೇಕು.

ಆದರೆ ಇಲ್ಲಿ ಒಂದು ಎಚ್ಚರವೂ ಅವಶ್ಯ. ಮನುಷ್ಯರ ನಡುವಿನ ವಂಶವಾಹಿ ಭೇದಗಳಲ್ಲಿ ಸುಮಾರು ನೂರಕ್ಕೆ 85 ಭಾಗ ಒಂದೇ ಜನಸಮುದಾಯದೊಳಗಿನ ವ್ಯಕ್ತಿಗಳ ನಡುವೆಯೇ ಇದೆಯೆಂದು ವಿಜ್ಞಾನಿ ಲೆವಾಂಟಿನ್ 1972ರಲ್ಲಿ ಲೆಕ್ಕ ಹಾಕಿ ತೋರಿಸಿದುದನ್ನು ಸಮಾನತೆಯ ಪರವಾದ ಪ್ರಮಾಣವೆಂದು ಉದಾಹರಿಸುವ ರೂಢಿ ಉಂಟು. ಲೆಕ್ಕ ಸರಿಯಾದದ್ದೇ, ಆದರೆ ಸಮಾನತೆಯನ್ನು ಲೆಕ್ಕದ ಮೇಲೆ ಕಟ್ಟಿದರೆ ನಾಳೆ ಲೆಕ್ಕ ಬದಲಾದಾಗ ಅದು ಬಿದ್ದುಹೋದೀತು. ಮನುಷ್ಯರೆಲ್ಲರೂ ಸಮಾನರೆಂಬುದು ಅವರೆಲ್ಲರೂ ಒಂದೇ ತೆರನಾಗಿದ್ದಾರೆಂಬ ವರದಿಯಲ್ಲ, ಅವರೊಡನೆ ಹೇಗೆ ನಡೆದುಕೊಳ್ಳಬೇಕೆಂಬ ನಿರ್ಧಾರ ಎಂದು ವಂಶವಾಹಿಶಾಸ್ತ್ರಜ್ಞ ಡಾಬ್‌ಜಾನ್‌ಸ್ಕಿ 1973ರ ತನ್ನ ಪುಸ್ತಕದಲ್ಲಿ ವಾದಿಸಿದ್ದಾನೆ. ನನಗೆ ಅದೇ ಸರಿಯೆಂದು ತೋರುತ್ತದೆ. ಚಿಂಚೋಳಿಗೆ ಅನತಿ ದೂರದ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದ ಶರಣರು ಹುಟ್ಟಿನ ಮೇಲುಕೀಳನ್ನು ನಿರಾಕರಿಸಿದಾಗ ಅವರು ಯಾವ ಪ್ರಯೋಗಾಲಯದ ಅಪ್ಪಣೆಯನ್ನೂ ಕಾಯಲಿಲ್ಲ. ವಿಜ್ಞಾನವು ಮಾಡಿರುವುದು, ಮೇಲುಕೀಳಿನ ಪಕ್ಷದವರು ಪ್ರಕೃತಿಯ ಹೆಸರಿನಲ್ಲಿ ತರುತ್ತಿದ್ದ ಸಾಕ್ಷ್ಯವು ಸುಳ್ಳೆಂದು ತೋರಿಸಿದ್ದು. ಅದು ಸಣ್ಣ ಕೆಲಸವಲ್ಲ, ಆದರೆ ಧರ್ಮನಿರ್ಣಯದ ಹೊಣೆ ಮಾತ್ರ ನಮ್ಮಲ್ಲಿಯೇ ಉಳಿದಿದೆ.

ಜಾತಿಯು ನಿತ್ಯವಲ್ಲದೆ ಪರಂಪರೆಯೇ ಆಗಿದ್ದ ಪಕ್ಷದಲ್ಲಿ, ಅದರಿಂದ ತೊಗರಿಯ ವಿಷಯದಲ್ಲಿ ಒಂದು ಕರ್ತವ್ಯವೂ ಹುಟ್ಟುತ್ತದೆ. ನಿತ್ಯವಾದುದನ್ನು ಯಾರೂ ಕಾಪಾಡಬೇಕಾಗಿಲ್ಲ. ಪರಂಪರೆಯಾದರೋ ಒಂದು ವರ್ಷ ಬಿತ್ತದೆ ಬಿಟ್ಟರೆ ಕ್ಷೀಣಿಸುತ್ತದೆ, ಕೆಲವು ವರ್ಷ ಬಿಟ್ಟರೆ ಮುಗಿದೇ ಹೋಗುತ್ತದೆ, ಅದನ್ನು ಯಾವ ಶಾಸ್ತ್ರವೂ ಮತ್ತೆ ಹುಟ್ಟಿಸಲಾರದು. ಭೌಗೋಳಿಕ ಸೂಚಕದ ಕಾನೂನು ಹೆಸರನ್ನು ರಕ್ಷಿಸುತ್ತದೆ, ಬೀಜದ ಪರಂಪರೆಯನ್ನಲ್ಲ. ಪಟಾನ್‌ಚೆರುವಿನ ಬೀಜಭಂಡಾರದಲ್ಲಿ 13 ಸಾವಿರಕ್ಕೂ ಹೆಚ್ಚು ತೊಗರಿ ಮಾದರಿಗಳನ್ನು ಶೀತಲಕೋಣೆಗಳಲ್ಲಿ ಇರಿಸಿದ್ದಾರೆ. ಅದು ದೊಡ್ಡ ಉಪಕಾರ. ಆದರೆ ಶೀತಲಕೋಣೆಯ ಬೀಜವು ನಮ್ಮ ಎರೆಯ ಶಿಲೀಂಧ್ರದೊಡನೆ, ನಮ್ಮ ಮಳೆಯೊಡನೆ, ನಮ್ಮ ಹುಳುವಿನೊಡನೆ ವರ್ಷವರ್ಷವೂ ಹೊಂದಿಕೊಂಡು ಬದಲಾಗುವುದನ್ನು ನಿಲ್ಲಿಸಿಬಿಟ್ಟಿರುತ್ತದೆ. ಆ ಕೆಲಸ ಹೊಲದಲ್ಲಿಯೇ ಆಗಬೇಕು.

ಸೇಡಂ, ಚಿತ್ತಾಪುರ, ಚಿಂಚೋಳಿ, ಶಹಾಬಾದ ತಾಲ್ಲೂಕುಗಳ ಹಳ್ಳಿಗಳಲ್ಲಿ, ಮನೆಯ ಬಳಕೆಗೆಂದು ಹೊಲದ ಒಂದು ಮೂಲೆಯಲ್ಲಿ ತಾತನ ಕಾಲದ ಜವಾರಿ ತೊಗರಿಯನ್ನು ಇನ್ನೂ ಬಿತ್ತುವ ಕುಟುಂಬಗಳಿದ್ದರೆ, ಅವರಲ್ಲಿ ನನ್ನದೊಂದು ಬಿನ್ನಹ: ಆ ಸಾಲುಗಳನ್ನು ಬೇರೆ ತಳಿಗಳಿಂದ ಸಾಧ್ಯವಾದಷ್ಟು ದೂರವಿರಿಸಿ, ಒಣಗಿದ ಹೊಲದಲ್ಲಿಯೂ ಹಸಿರಾಗಿ ಉಳಿದ ಗಿಡಗಳಿಂದ ಬೀಜವನ್ನು ಬೇರೆ ತೆಗೆದಿಡಿ, ನೆರೆಯವರಿಗೂ ಒಂದು ಸೇರು ಕೊಡಿ. 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ ಪ್ರಕಾರ, ರೈತರು ತಾವು ಉಳಿಸಿಕೊಂಡು ಬಂದ ತಳಿಯನ್ನು ತಮ್ಮ ಹೆಸರಿನಲ್ಲಿಯೇ ನೋಂದಾಯಿಸಬಹುದು; ಅದರ ವಿವರವನ್ನು ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೇಳಿ ತಿಳಿಯಿರಿ, ಮುಂದಿನ ಮುಂಗಾರಿನ ಬಿತ್ತನೆಗೆ ಮುಂಚೆಯೇ ಕೇಳಿರಿ.